ಚಳಿಗೆ ಹುಟ್ಟಿದ ವ್ಯಾನು

ವೀಲ್‌ಚೇರ್ ಸಮೇತ ಒಳಗೆ ಹತ್ತಬಹುದಾದ ವ್ಯಾನಿನ ಇತಿಹಾಸ ಕೆದಕಿದರೆ ದೊಡ್ಡ ಕಾರ್ ಕಂಪನಿಗಿಂತ ಮೊದಲು ಎದುರಾಗೋದು ರಾಲ್ಫ್ ಬ್ರೌನ್ ಅನ್ನೋ ಮನುಷ್ಯ. 1940ರಲ್ಲಿ ಹುಟ್ಟಿದವನು. ಅಮೆರಿಕದ ಇಂಡಿಯಾನಾ ರಾಜ್ಯದ ವಿನಮ್ಯಾಕ್ ಅವನ ಊರು, ನಮ್ಮ ಮಹಾಲಿಂಗಪುರಕ್ಕಿಂತ ಎಷ್ಟೋ ಚಿಕ್ಕದು. ಚಿಕ್ಕಂದಿನಲ್ಲೇ ಸ್ನಾಯುಗಳು ಸೊರಗೋ ರೋಗ ಬಂತು, ಕಾಲು ಹೋಯ್ತು. ಹುಡುಗ ಕೈಕಟ್ಟಿ ಕೂರಲಿಲ್ಲ, ಮೂರು ಗಾಲಿಯ ಸ್ಕೂಟರ್ ಮಾಡಿಕೊಂಡು ಕೆಲಸಕ್ಕೆ ಹೋಗತೊಡಗಿದ.

ಅಷ್ಟರಲ್ಲಿ ಅವನ ಕಾರ್ಖಾನೆ ದೂರಕ್ಕೆ ಸ್ಥಳಾಂತರ ಆಯ್ತು. ಹಿಮ ಬೀಳೋ ಊರಲ್ಲಿ ಬಯಲು ಸ್ಕೂಟರಿನ ಮೇಲೆ ಅಷ್ಟು ದೂರ ಹೋಗೋದು ಆಗದ ಮಾತು. ಹಳೇ ಪೋಸ್ಟಲ್ ಜೀಪೊಂದಕ್ಕೆ ಹೈಡ್ರಾಲಿಕ್ ಲಿಫ್ಟ್ ಮತ್ತು ಕೈಯಲ್ಲೇ ನಡೆಸೋ ಬ್ರೇಕು-ಆಕ್ಸಿಲರೇಟರ್ ಕೂರಿಸಿದ. ಅದು 1966. ಚಳಿ ಕಾಡದಿದ್ದರೆ ಅವನು ಸ್ಕೂಟರಿನಲ್ಲೇ ತೃಪ್ತನಾಗಿರ್ತಿದ್ನೋ ಏನೋ. 1970ರ ದಶಕದಲ್ಲಿ ದೊಡ್ಡ ವ್ಯಾನುಗಳಿಗೆ ಲಿಫ್ಟ್, 1991ರಲ್ಲಿ ನೆಲ ತಗ್ಗಿಸಿದ ಮಿನಿವ್ಯಾನ್, ಹೀಗೆ ಅವನ ಕಂಪನಿ ಬೆಳೀತು. 2013ರಲ್ಲಿ ತೀರಿಕೊಂಡ.

ನೆಲ ತಗ್ಗಿಸೋದು ಸಾಧ್ಯವಾಗಿದ್ದಕ್ಕೆ ಒಂದು ಸಣ್ಣ ಕಾರಣ ಇದೆ. 1980ರ ದಶಕದಲ್ಲಿ ಬಂದ ಕ್ರೈಸ್ಲರ್ ಮಿನಿವ್ಯಾನುಗಳಲ್ಲಿ ಎಂಜಿನ್ ತಿರುಗಿಸ್ತಿದ್ದುದು ಮುಂದಿನ ಗಾಲಿಗಳನ್ನ, ನೆಲದ ಕೆಳಗೆ ಉದ್ದಕ್ಕೆ ಶಾಫ್ಟ್ ಇರಲಿಲ್ಲ. ನಮ್ಮ ಓಮ್ನಿ, ಈಕೋ ನೋಡಿ: ಎಂಜಿನ್ ಮುಂದಿನ ಸೀಟಿನ ಕೆಳಗೆ, ಓಡೋದು ಹಿಂದಿನ ಗಾಲಿ, ನಡುವೆ ಶಾಫ್ಟ್. ತಗ್ಗಿಸೋಣ ಅಂದ್ರೆ ಜಾಗ ಎಲ್ಲಿ? ಹಿಂಬಾಗಿಲಿಗೆ ಮಡಚೋ ರ‍್ಯಾಂಪ್ ಹಾಕಬೇಕು. ನೆಲ ಎತ್ತರ ಇರೋದ್ರಿಂದ ರ‍್ಯಾಂಪ್ ಗಿಡ್ಡ ಆದ್ರೆ ಕಡಿದಾಗುತ್ತೆ, ಉದ್ದ ಆದ್ರೆ ಓಣಿಯಲ್ಲಿ ಹಿಡಿಸಲ್ಲ.

ತಗ್ಗಿದ ನೆಲದ ಗಾಡಿ ಸಿಕ್ಕರೂ ನಮ್ಮ ಕಡೆ ಅದು ಬದುಕೋದು ಕಷ್ಟ ಅಂತ ನನ್ನ ಲೆಕ್ಕ. ಮಹಾಲಿಂಗಪುರದಲ್ಲಿ ಚಳಿಗಾಲ ಅಂದ್ರೆ ಕಬ್ಬು ನುರಿಯೋ ಕಾಲ. ಎರಡೆರಡು ಟ್ರೇಲರ್ ಎಳೆಯೋ ಟ್ರ್ಯಾಕ್ಟರುಗಳು ರಸ್ತೆಯನ್ನು ಉಳುಮೆ ಮಾಡಿದಂಗೆ ಮಾಡಿರ್ತವೆ, ಹಂಪ್‌ಗಳು ಬೇರೆ. ಅಮೆರಿಕದಲ್ಲಿ ಹಿಮ ಕರಗಿಸಲು ಸುರಿಯೋ ಉಪ್ಪು ತಗ್ಗಿದ ನೆಲವನ್ನು ತಿನ್ನುತ್ತೆ, ಇಲ್ಲಿ ಆ ಕೆಲಸ ಹಂಪ್ ಮಾಡುತ್ತೆ.

ನಮ್ಮ ಆಯಿಗೆ ಲಕ್ವಾ ಹೊಡೆದ ಮೇಲೆ ಬೆಳಗಾವಿಯ ಆಸ್ಪತ್ರೆಗೆ ಕ್ರೂಸರ್‌ನಲ್ಲೇ ಒಯ್ತಿದ್ವಿ. ಬೆಳಗಿನ ಐದಕ್ಕೆ ಮಂಜಿನಲ್ಲಿ ಇಬ್ಬರು ರಟ್ಟೆ ಹಿಡಿದು, ಒಬ್ಬ ಕಾಲು ಹಿಡಿದು ಎತ್ತಬೇಕು. ಮೂರನೇ ಸಲಕ್ಕೆ ಅಕಿ ಅಂದ್ಲು, "ಜ್ವಾಳದ ಚೀಲ ಎತ್ತಿದಂಗ ಎತ್ತಬ್ಯಾಡ್ರೋ, ನಾ ಎಲ್ಲೂ ಬರಂಗಿಲ್ಲ." ಆಸ್ಪತ್ರೆಗೆ ಹೇಗೋ ಒಪ್ಪಿಸಿದ್ವಿ. ಮಹಾಲಿಂಗೇಶ್ವರನ ಜಾತ್ರೆಗೆ ಮಾತ್ರ ಆಮೇಲೆ ಬರಲೇ ಇಲ್ಲ. ಮನೆಯಿಂದ ಗುಡಿ ಎಷ್ಟು ದೂರ ಅಂತೀರಿ!

ಕಾನೂನಿನ ಭಾಷೆಯೂ ಓದೋ ಹಾಗಿದೆ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಇಂಥ ಗಾಡಿಗೆ 'ಇನ್‌ವ್ಯಾಲಿಡ್ ಕ್ಯಾರೇಜ್' ಅಂತ ಹೆಸರಿತ್ತು. ದೈಹಿಕ ಊನ ಇರುವವರಿಗಾಗಿ ಕಟ್ಟಿದ್ದು, ಅವರು ಅಥವಾ ಅವರಿಗಾಗಿ ಮಾತ್ರ ಬಳಸುವಂಥದ್ದು ಅನ್ನೋದು ವ್ಯಾಖ್ಯೆ. ಅದೇ ಗಾಡಿಯಲ್ಲಿ ಸಂಜೆ ಮೊಮ್ಮಕ್ಕಳು ಟ್ಯೂಷನ್ನಿಗೆ ಹೋಗ್ತಾರೆ ಅನ್ನೋ ಕಲ್ಪನೆಯೇ ಅದರಲ್ಲಿಲ್ಲ. 2019ರ ತಿದ್ದುಪಡಿಯಲ್ಲಿ ಆ ಹೆಸರು ಹೋಗಿ 'ಅಡಾಪ್ಟೆಡ್ ವೆಹಿಕಲ್' ಬಂತು. ಇದರ ನಡುವೆ ಬೆಂಗಳೂರಿಗೆ ತಗ್ಗು ನೆಲದ ವೋಲ್ವೊ ಬಸ್ಸುಗಳು ಬಂದವು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರಿಗೆಯನ್ನೂ ಹಕ್ಕಿನ ಲೆಕ್ಕಕ್ಕೆ ಸೇರಿಸಿತು. ನಮ್ಮೂರಿನ ಟಂಟಂಗೆ ಇದ್ಯಾವುದೂ ಇನ್ನೂ ತಲುಪಿಲ್ಲ.

ಈಗ ಊರಲ್ಲಿರೋ ಅಪ್ಪ-ಅಮ್ಮನಿಗೆ ಇಂಥ ಗಾಡಿ ಮಾಡಿಸೋ ಯೋಚನೆ ನಿಮಗಿದ್ದರೆ, ಮೊದಲು ಕುರ್ಚಿಯಲ್ಲಿ ಕೂರಿಸಿ ನೆತ್ತಿಯವರೆಗೆ ಅಳತೆ ತಗೊಳ್ಳಿ, ಆಮೇಲೆ ಹಿಂಬಾಗಿಲ ಎತ್ತರ ನೋಡಿ. ಕುರ್ಚಿಯನ್ನು ನಾಲ್ಕೂ ಕಡೆ ನೆಲಕ್ಕೆ ಬಿಗಿಯೋ ಬೆಲ್ಟ್ ಇರಲಿ, ಕೂತವರಿಗೆ ಬೇರೆ ಸೀಟ್‌ಬೆಲ್ಟ್ ಇರಲಿ. ಮಾರ್ಪಾಡಿಗೆ ಆರ್‌ಟಿಒ ಒಪ್ಪಿಗೆ ಬೇಕು. ಕರೆಂಟಿನ ಲಿಫ್ಟ್ ಆದರೆ ಚಳಿಗೆ ಬ್ಯಾಟರಿ ಸೋಲುತ್ತೆ ಅನ್ನೋದು ನೆನಪಿರಲಿ, ಕೈಯಿಂದ ಇಳಿಸೋ ವ್ಯವಸ್ಥೆ ಇದೆಯಾ ಕೇಳಿ. ಕಾಲಿನಲ್ಲಿ ಸ್ಪರ್ಶ ಇಲ್ಲದವರಿಗೆ ಹೀಟರ್ ಗಾಳಿಯನ್ನು ನೇರ ಪಾದಕ್ಕೆ ಬಿಡಬೇಡಿ, ಸುಟ್ಟರೂ ಗೊತ್ತಾಗಲ್ಲ. ಒಂದು ಕೌದಿ ಸಾಕು.