ಅಂಗಡಿಯಲ್ಲಿ ರೈಟ್ ಮಾಡಿಸಿದ ಸಿಡಿ, ಮನೆಯಲ್ಲೇ ಡೌನ್‌ಲೋಡ್: ಸಿನಿಮಾ ನಿಮ್ಮ ಬಳಿ ಎಷ್ಟು ದಿನ ಉಳಿಯುತ್ತದೆ?

ಮುಂಬೈ: ಭಾಂಡುಪ್ ಸ್ಟೇಷನ್‌ನಿಂದ ಹೊರಬಂದರೆ ಈಗ ಕಾಣುವುದು ಮೊಬೈಲ್ ಕವರ್, ಚಾರ್ಜರ್, ಸ್ಕ್ರೀನ್ ಗಾರ್ಡ್ ಮಾರುವ ಅಂಗಡಿಗಳು. ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಮುಂಬೈ ಉಪನಗರಗಳ ಇಂಥ ಅಂಗಡಿಗಳಲ್ಲಿ ಇನ್ನೊಂದು ವ್ಯಾಪಾರ ಜೋರಾಗಿತ್ತು. ಸಿನಿಮಾ ಹೆಸರು ಹೇಳಿದರೆ ಸಾಕು, ಅಂಗಡಿಯವರು ಖಾಲಿ ಡಿಸ್ಕಿಗೆ ಅದನ್ನು ರೈಟ್ ಮಾಡಿಕೊಡುತ್ತಿದ್ದರು. ಆಮೇಲೆ ಡಿಸ್ಕಿನ ಜಾಗಕ್ಕೆ ಮೆಮೊರಿ ಕಾರ್ಡ್ ಬಂತು. ನಮ್ಮ ವಯಸ್ಸಿನವರಲ್ಲಿ ಬಹಳಷ್ಟು ಮಂದಿ ಕಾರ್ಡ್ ತುಂಬಿಸಿಕೊಂಡೇ ಬೆಳೆದವರು.

ಮುಂಬೈ ಕನ್ನಡಿಗರ ಮನೆಗಳಲ್ಲಿ ಇದರ ಕಥೆ ಸ್ವಲ್ಪ ಬೇರೆ. ಇಲ್ಲಿ ಕನ್ನಡ ಚಿತ್ರಕ್ಕೆ ಸಿಗುತ್ತಿದ್ದುದು ಬೆರಳೆಣಿಕೆಯ ಆಟಗಳು. ಹಾಗಾಗಿ ಉಡುಪಿಗೋ ಹುಬ್ಬಳ್ಳಿಗೋ ಹೋದವರು ಬರುವಾಗ ಚೀಲದಲ್ಲಿ ಒಂದಷ್ಟು ವಿಸಿಡಿ ತರುತ್ತಿದ್ದರು, ಅವು ಮನೆಯಿಂದ ಮನೆಗೆ ಓಡಾಡುತ್ತಿದ್ದವು. ಆ ಡಿಸ್ಕುಗಳು ಇವತ್ತಿಗೂ ಎಷ್ಟೋ ಮನೆಗಳ ಕಪಾಟಿನಲ್ಲಿವೆ. ಅವುಗಳನ್ನು ಇಟ್ಟುಕೊಳ್ಳಬೇಕೆ, ಎಸೆಯಬೇಕೆ? ಉತ್ತರಕ್ಕೆ ಮುಂಚೆ ಹಿನ್ನೆಲೆ ನೋಡೋಣ.

ಅಂಗಡಿ ಗೆದ್ದದ್ದು ಯಾಕೆ?

2004ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ವೇಗ ಇದ್ದರೆ ಅದು ಬ್ರಾಡ್‌ಬ್ಯಾಂಡ್. ಆ ವೇಗದಲ್ಲಿ 700 ಎಂಬಿಯ ಒಂದು ಸಿಡಿಯಷ್ಟು ಫೈಲ್ ಇಳಿಸಲು 6 ಗಂಟೆಗೂ ಹೆಚ್ಚು ಬೇಕು. 4.7 ಜಿಬಿಯ ಪೂರ್ತಿ ಡಿವಿಡಿಯಾದರೆ ಸುಮಾರು 40 ಗಂಟೆ, ಅದೂ ಲೈನ್ ಒಂದು ಸಲವೂ ಕಡಿಯದಿದ್ದರೆ. ಬಿಎಸ್‌ಎನ್‌ಎಲ್‌ನ ಒಂದು ಜನಪ್ರಿಯ ಪ್ಲಾನ್‌ನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಡೌನ್‌ಲೋಡ್‌ಗೆ ಲೆಕ್ಕವಿರಲಿಲ್ಲ. ಎರಡು ಗಂಟೆಗೆ ಅಲಾರಾಂ ಇಟ್ಟು ಎದ್ದು ಡೌನ್‌ಲೋಡ್ ಹಚ್ಚಿ ಮಲಗುತ್ತಿದ್ದವರು ಆ ಕಾಲದಲ್ಲಿ ಬೇಕಾದಷ್ಟಿದ್ದರು.

ಅಂಗಡಿಯ ಕಂಪ್ಯೂಟರಿನಲ್ಲಿ ಸಿನಿಮಾ ಮೊದಲೇ ಇರುತ್ತಿತ್ತು. 16 ಎಕ್ಸ್ ವೇಗದ ರೈಟರ್ ತುಂಬಿದ ಡಿವಿಡಿಯನ್ನು ಆರೇಳು ನಿಮಿಷದಲ್ಲಿ ಮುಗಿಸುತ್ತದೆ. ನಲವತ್ತು ಗಂಟೆಗೂ ಏಳು ನಿಮಿಷಕ್ಕೂ ಎಲ್ಲಿಯ ಹೋಲಿಕೆ? ಬೆಲೆಗಿಂತ ಮೊದಲು ಅಂಗಡಿಯನ್ನು ಗೆಲ್ಲಿಸಿದ್ದು ಈ ಲೆಕ್ಕ.

ತೊಂದರೆ ಒಂದೇ, ಇದರಲ್ಲಿ ಬಹುಪಾಲು ಕಳ್ಳ ಪ್ರತಿ. ಇದನ್ನೇ ಕಾನೂನುಬದ್ಧವಾಗಿ ಮಾಡುವ ಪ್ರಯತ್ನ ಅಮೆರಿಕದಲ್ಲಿ ನಡೆಯಿತು. 2006ರಲ್ಲಿ ಸಿನಿಮಾನೌ ಎಂಬ ಸಂಸ್ಥೆ ಹಣ ಕೊಟ್ಟು ಇಳಿಸಿಕೊಂಡ ಚಿತ್ರವನ್ನು ಮನೆಯಲ್ಲೇ ಡಿವಿಡಿಗೆ ರೈಟ್ ಮಾಡಿಕೊಳ್ಳುವ ಸೌಲಭ್ಯ ತಂದಿತು. ಅಂಗಡಿಯಲ್ಲೇ ಡಿಸ್ಕ್ ತಯಾರಿಸಿಕೊಡುವ ಯಂತ್ರಗಳ ಮಾತೂ ನಡೆದಿತ್ತು. ಅಡ್ಡ ಬಂದದ್ದು ಡಿವಿಡಿಯ ಬೀಗ. ಸ್ಟುಡಿಯೋಗಳ ಡಿವಿಡಿಯಲ್ಲಿ ಸಿಎಸ್‌ಎಸ್ ಎಂಬ ಸಂಕೇತ ಇರುತ್ತದೆ, ಸಾಮಾನ್ಯ ಖಾಲಿ ಡಿಸ್ಕಿನಲ್ಲಿ ಅದರ ಕೀಲಿ ಬರೆಯಬೇಕಾದ ಜಾಗವನ್ನು ಬರೆಯಲಾಗದಂತೆ ಮೊದಲೇ ಮುಚ್ಚಿರುತ್ತಾರೆ. ಪರಿಹಾರವಾಗಿ 2007ರಲ್ಲಿ ಕ್ಯೂಫ್ಲಿಕ್ಸ್ ಎಂಬ ತಂತ್ರಜ್ಞಾನ ಬಂತು, ಆದರೆ ಅದಕ್ಕೆ ವಿಶೇಷ ಡಿಸ್ಕೂ ವಿಶೇಷ ರೈಟರೂ ಬೇಕಿತ್ತು. ಅಷ್ಟರಲ್ಲಿ ಜನ ಡಿಸ್ಕನ್ನೇ ಬಿಡತೊಡಗಿದ್ದರು. ಈ ದಾರಿಯಲ್ಲಿ ಚೆನ್ನಾಗಿ ನಡೆದದ್ದು ವಾರ್ನರ್ ಸಂಸ್ಥೆಯ ಯೋಜನೆ. ಅದು 2009ರಲ್ಲಿ ಹಳೆಯ ಚಿತ್ರಗಳನ್ನು, ಗಿರಾಕಿ ಕೇಳಿದಾಗ ಮಾತ್ರ, ಒಂದೊಂದೇ ಡಿಸ್ಕಿಗೆ ಬರೆದು ಕಳಿಸಲು ಶುರು ಮಾಡಿತು. ದಾಸ್ತಾನಿನ ತಲೆನೋವಿಲ್ಲ, ಹಳೆಯ ಚಿತ್ರವೂ ಸಿಗುತ್ತದೆ. ಕನ್ನಡದ ಕಪ್ಪು ಬಿಳುಪು ಚಿತ್ರಗಳಿಗೆ ಹೇಳಿ ಮಾಡಿಸಿದಂಥ ವ್ಯವಸ್ಥೆ ಇದು ಎಂದು ಈ ಲೇಖಕನಿಗೆ ಅನ್ನಿಸಿದೆ.

ನಮ್ಮಲ್ಲಿ ಬೇರೆ ಔಷಧಿ ಹುಡುಕಿದರು. 2007ರಲ್ಲಿ ಮೋಸರ್ ಬೇಯರ್ ಸಂಸ್ಥೆ ವಿಸಿಡಿಗೆ 28 ರೂ., ಡಿವಿಡಿಗೆ 34 ರೂ. ಬೆಲೆ ಇಟ್ಟು ಕಳ್ಳ ಪ್ರತಿಗೆ ನೇರ ಪೈಪೋಟಿ ಕೊಟ್ಟಿತು. ಕೆಲ ವರ್ಷ ಕೆಲಸ ಮಾಡಿದ ಔಷಧಿ ಅದು. ಆದರೆ 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದ ಮೇಲೆ ಡೇಟಾ ದರ ನೆಲ ಕಚ್ಚಿತು, ಡಿಸ್ಕಿನ ಕಾಲ ಮುಗಿಯಿತು. 2018ರಲ್ಲಿ ಮೋಸರ್ ಬೇಯರ್ ದಿವಾಳಿಯಾಗಿ ಮುಚ್ಚಿತು. ಈಗ 30 ಎಂಬಿಪಿಎಸ್ ವೈಫೈನಲ್ಲಿ ಅದೇ 4.7 ಜಿಬಿ ಇಳಿಯಲು 21 ನಿಮಿಷ ಸಾಕು.

ಇಳಿಸಿಕೊಂಡದ್ದು ನಿಮ್ಮದೇ?

ಅಲ್ಲ. ಒಟಿಟಿ ಆ್ಯಪ್‌ನಲ್ಲಿ ಡೌನ್‌ಲೋಡ್ ಒತ್ತಿದರೆ ಫೈಲ್ ನಿಮ್ಮ ಫೋನಿಗೆ ಬಂದರೂ ಅದರ ಕೀಲಿ ಕಂಪನಿಯ ಕೈಯಲ್ಲೇ ಇರುತ್ತದೆ. ಯೂಟ್ಯೂಬ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡ ಸಿನಿಮಾವನ್ನು ಸಾಮಾನ್ಯವಾಗಿ 30 ದಿನದೊಳಗೆ ಶುರು ಮಾಡಬೇಕು, ಶುರು ಮಾಡಿದ ಮೇಲೆ 48 ಗಂಟೆಯಲ್ಲಿ ಮುಗಿಸಬೇಕು. ಚಂದಾ ನಿಂತರೆ ಅಥವಾ ಆ ಚಿತ್ರದ ಹಕ್ಕಿನ ಅವಧಿ ಮುಗಿದರೆ ಫೈಲ್ ಇದ್ದೂ ಇಲ್ಲದಂತೆ.

ಚಿತ್ರವೇ ಬದಲಾಗುವುದೂ ಉಂಟು. 'ಕಾಂತಾರ' ನೆನಪಿಸಿಕೊಳ್ಳಿ. 2022ರ ಸೆಪ್ಟೆಂಬರ್ 30ರಂದು ಚಿತ್ರಮಂದಿರಕ್ಕೆ ಬಂದ ಚಿತ್ರ ನವೆಂಬರ್ 24ರಂದು ಅಮೆಜಾನ್ ಪ್ರೈಮ್‌ಗೆ ಬಂದಾಗ 'ವರಾಹ ರೂಪಂ' ಹಾಡಿನ ಧಾಟಿಯೇ ಬೇರೆಯಾಗಿತ್ತು. ಕೇರಳದ ಥೈಕ್ಕುಡಂ ಬ್ರಿಡ್ಜ್ ತಂಡ ಕೃತಿಸ್ವಾಮ್ಯದ ಮೊಕದ್ದಮೆ ಹೂಡಿತ್ತು, ಕೋರ್ಟ್ ತಡೆ ಕೊಟ್ಟಿತ್ತು. ಯಾರದು ಸರಿ ಎಂಬ ಚರ್ಚೆ ಇಲ್ಲಿ ಬೇಡ. ಕಪಾಟಿನ ಡಿಸ್ಕಿನಲ್ಲಿರುವ ಹಾಡನ್ನು ಯಾರೂ ದೂರದಿಂದ ಬದಲಿಸಲಾರರು, ಅಷ್ಟೇ ವ್ಯತ್ಯಾಸ.

ಕಾನೂನು ಏನನ್ನುತ್ತದೆ?

1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಂ ಪ್ರಕಾರ ಹಕ್ಕಿಲ್ಲದೆ ಪ್ರತಿ ಮಾಡಿ ಮಾರಿದರೆ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂ. ದಂಡ. ಮಹಾರಾಷ್ಟ್ರ 2009ರಲ್ಲಿ ವಿಡಿಯೋ ಪೈರೇಟ್‌ಗಳನ್ನು ಮುಂಜಾಗ್ರತಾ ಬಂಧನದ ಎಂಪಿಡಿಎ ಕಾಯ್ದೆಗೆ ಸೇರಿಸಿತು. ಬರೀ ನೋಡುವವರ ಕಥೆ? 2016ರಲ್ಲಿ 'ಡಿಶೂಂ' ಚಿತ್ರದ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್, ಅಪರಾಧ ಇರುವುದು ನೋಡುವುದರಲ್ಲಲ್ಲ, ಅನುಮತಿಯಿಲ್ಲದೆ ಹಂಚುವುದು, ಸಾರ್ವಜನಿಕವಾಗಿ ತೋರಿಸುವುದು, ಮಾರುವುದರಲ್ಲಿ ಎಂಬ ಅರ್ಥದ ಸ್ಪಷ್ಟನೆ ಕೊಟ್ಟಿತು. ಇದನ್ನು ಓದಿ ಟೊರೆಂಟ್ ಬಳಸುವವರು ನಿರಾಳವಾಗುವ ಹಾಗಿಲ್ಲ. ಟೊರೆಂಟ್‌ನಲ್ಲಿ ನೀವು ಇಳಿಸಿಕೊಳ್ಳುತ್ತಿರುವಾಗಲೇ ನಿಮ್ಮ ಕಂಪ್ಯೂಟರ್ ಅದೇ ಚಿತ್ರದ ತುಣುಕುಗಳನ್ನು ಬೇರೆಯವರಿಗೆ ಕಳಿಸುತ್ತಿರುತ್ತದೆ. ಅದು ಹಂಚಿಕೆಯೇ.

ಡಿಸ್ಕ್ ಅಸಲಿಯೇ ಎಂದು ತಿಳಿಯಲು ಕವರ್ ನೋಡಿ. 52ಎ ಕಲಂ ಪ್ರಕಾರ ಸೆನ್ಸಾರ್ ಪ್ರಮಾಣಪತ್ರದ ಪ್ರತಿ, ವಿಡಿಯೋ ತಯಾರಿಸಿದವರ ಮತ್ತು ಹಕ್ಕುದಾರರ ಹೆಸರು, ವಿಳಾಸ ಅದರಲ್ಲಿ ಇರಲೇಬೇಕು.

ಕಪಾಟಿನ ಡಿಸ್ಕ್ ಎಸೆಯಬೇಡಿ

ಕಾರ್ಖಾನೆಯಲ್ಲಿ ಅಚ್ಚಾದ ಡಿಸ್ಕಿನಲ್ಲಿ ಮಾಹಿತಿ ಪ್ಲಾಸ್ಟಿಕ್ಕಿನ ಗುಳಿಗಳಾಗಿರುತ್ತದೆ. ಅಂಗಡಿಯಲ್ಲಿ ರೈಟ್ ಮಾಡಿದ ಡಿಸ್ಕಿನಲ್ಲಿ ಲೇಸರ್ ಬರೆಯುವುದು ಒಂದು ಬಣ್ಣದ ಪದರದ ಮೇಲೆ. ಬಿಸಿಲು, ಸೆಖೆ, ತೇವಕ್ಕೆ ಈ ಬಣ್ಣ ನಿಧಾನವಾಗಿ ಕೆಡುತ್ತದೆ, ಭಾಂಡುಪ್‌ನ ಮಳೆಗಾಲ ಹೇಗಿರುತ್ತದೆಂದು ಹೇಳಬೇಕಿಲ್ಲ. ಡಿಸ್ಕಿನ ಅಂಚಿನಲ್ಲಿ ಕಲೆ ಕಂಡರೆ, ಸಿನಿಮಾ ನಡುವೆ ನಿಲ್ಲತೊಡಗಿದರೆ ತಡ ಮಾಡಬೇಡಿ.

ಯುಎಸ್‌ಬಿಗೆ ಜೋಡಿಸುವ ಡಿವಿಡಿ ಡ್ರೈವ್ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ. ವಿಸಿಡಿ ಹಾಕಿ ತೆರೆದರೆ 'ಎಂಪಿಇಜಿಎವಿ' ಎಂಬ ಫೋಲ್ಡರಿನಲ್ಲಿ 'ಡಿಎಟಿ' ಎಂದು ಕೊನೆಯಾಗುವ ಫೈಲ್ ಇರುತ್ತದೆ. ಅದನ್ನು ಹಾಗೆಯೇ ಕಾಪಿ ಮಾಡಿದರೆ ವಿಎಲ್‌ಸಿ ಪ್ಲೇಯರ್‌ನಲ್ಲಿ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರಕ್ಕೆ ಒಂದೂವರೆಯಿಂದ 2 ಜಿಬಿ ಜಾಗ ಬೇಕು, 64 ಜಿಬಿ ಪೆನ್‌ಡ್ರೈವ್‌ನಲ್ಲಿ ಮೂವತ್ತರಷ್ಟು ಚಿತ್ರ ಹಿಡಿಸುತ್ತವೆ. ಹಣ ಕೊಟ್ಟು ಕೊಂಡ ಅಸಲಿ ಡಿಸ್ಕಿನ ಮಾತಿದು. ಖಾಸಗಿ ಬಳಕೆಯ ನ್ಯಾಯಯುತ ಉಪಯೋಗಕ್ಕೆ 52ನೇ ಕಲಂ ಅವಕಾಶ ಇಟ್ಟಿದ್ದರೂ ಇಡೀ ಚಿತ್ರದ ಪ್ರತಿಗೆ ಅದು ಎಷ್ಟು ಅನ್ವಯ ಎಂಬುದು ವಾದಕ್ಕೆ ಬಿಟ್ಟದ್ದು. ಮನೆಯಾಚೆ ಹಂಚುವುದಕ್ಕಂತೂ ಅವಕಾಶವಿಲ್ಲ.

ಇಷ್ಟೆಲ್ಲ ಯಾಕೆ ಎಂದರೆ, ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಚಿತ್ರೀಕರಣವಾದದ್ದು ಇದೇ ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ, ತೆರೆ ಕಂಡದ್ದು 1934ರ ಮಾರ್ಚ್ 3ರಂದು. ಇವತ್ತು ನೋಡಬೇಕೆಂದರೆ ಅದರ ಒಂದು ಪ್ರತಿಯೂ ಇಲ್ಲ. ನಿಮ್ಮ ಡಿಸ್ಕುಗಳಲ್ಲಿರುವ ಚಿತ್ರಗಳ ಹೆಸರನ್ನು ಮೊದಲು ಯೂಟ್ಯೂಬ್ ಮತ್ತು ಒಟಿಟಿಗಳಲ್ಲಿ ಹುಡುಕಿ ನೋಡಿ. ಅಲ್ಲಿ ಸಿಗದ ಚಿತ್ರದ ಡಿಸ್ಕನ್ನು ಎಲ್ಲಕ್ಕಿಂತ ಮೊದಲು ಕಾಪಿ ಮಾಡಿಡಿ.