ಪೆಟ್ಟಿಗೆ ಹೊಸದು, ಅಚ್ಚು ಯಾವ ಕಾಲದ್ದು? ಮಾದರಿ ಕಿಟ್ ಕೊಳ್ಳುವವರು ತಿಳಿದಿರಬೇಕಾದ ಸಂಗತಿಗಳು

ಬೆಂಗಳೂರು: ಎರಡನೆಯ ಮಹಾಯುದ್ಧದ ಕಾಲದ ಲ್ಯಾಂಕಾಸ್ಟರ್ ಬಾಂಬರ್ ವಿಮಾನದ ಪ್ಲಾಸ್ಟಿಕ್ ಮಾದರಿಯನ್ನು ಬ್ರಿಟನ್ನಿನ ಏರ್‌ಫಿಕ್ಸ್ ಸಂಸ್ಥೆ 1/72 ಪ್ರಮಾಣದಲ್ಲಿ ಮೂರು ಬಾರಿ ಹೊಸದಾಗಿ ರೂಪಿಸಿದೆ. ಮೊದಲನೆಯದು 1958ರಲ್ಲಿ, ಎರಡನೆಯದು 1980ರಲ್ಲಿ, ಮೂರನೆಯದು 2013ರಲ್ಲಿ. ಮೂರು ಪೆಟ್ಟಿಗೆಗಳ ಮೇಲೂ ಸಂಸ್ಥೆಯ ಹೆಸರು ಒಂದೇ, ವಿಮಾನದ ಹೆಸರು ಒಂದೇ, ಪ್ರಮಾಣವೂ ಒಂದೇ. ಒಳಗಿರುವ ಬಿಡಿಭಾಗಗಳ ನಡುವೆ ಮಾತ್ರ ಅರ್ಧ ಶತಮಾನಕ್ಕೂ ಮಿಗಿಲಾದ ಅಂತರ. ಚಿತ್ರಕ್ಕೆ ಮರುಳಾಗಿ ದುಡ್ಡು ತೆತ್ತವನಿಗೆ ಮನೆಗೆ ಬಂದು ಪೆಟ್ಟಿಗೆ ತೆರೆದ ಮೇಲಷ್ಟೇ ತಾನು ಕೊಂಡದ್ದು ಅಜ್ಜನ ಕಾಲದ್ದೋ ಮೊಮ್ಮಗನ ಕಾಲದ್ದೋ ಎಂಬುದು ತಿಳಿಯುತ್ತದೆ.

ವಿಮಾನ, ಹಡಗು, ಟ್ಯಾಂಕ್, ಕಾರುಗಳ ಮಾದರಿಗಳನ್ನು ಬಿಡಿಭಾಗಗಳಿಂದ ಜೋಡಿಸಿ, ಬಣ್ಣ ಬಳಿದು ಪೂರ್ಣಗೊಳಿಸುವುದು ಈ ಹವ್ಯಾಸ. ಬಿಡಿಭಾಗಗಳು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನವು. ಬಳಸುವ ಅಂಟು ಸಾಮಾನ್ಯ ಗೋಂದಲ್ಲ. ಅದು ಪ್ಲಾಸ್ಟಿಕ್ಕಿನ ಅಂಚನ್ನೇ ತುಸು ಕರಗಿಸಿ ಎರಡು ಭಾಗಗಳನ್ನು ಬೆಸೆಯುವ ದ್ರಾವಕ. ಹೊಸ ಕಿಟ್ ಪ್ರಕಟವಾದಾಗಲೆಲ್ಲ ಹವ್ಯಾಸಿಗಳ ನಡುವೆ ಬಿರುಸಿನ ಚರ್ಚೆ ನಡೆಯುತ್ತದೆ. ಆ ಚರ್ಚೆಯ ಬಹುಪಾಲನ್ನು ಒಂದೇ ಪ್ರಶ್ನೆಗೆ ಇಳಿಸಬಹುದು: ಇದು ಹೊಸ ಅಚ್ಚೇ, ಅಥವಾ ಹಳೆಯ ಅಚ್ಚಿಗೆ ಹೊಸ ಪೆಟ್ಟಿಗೆಯೇ?

ಪ್ರಮಾಣದ ಲೆಕ್ಕ

ಅಚ್ಚಿನ ಮಾತಿಗೆ ಮುನ್ನ ಪ್ರಮಾಣದ ಬಗ್ಗೆ ಎರಡು ಮಾತು. 1/72 ಎಂದರೆ ಮೂಲ ವಸ್ತುವಿನ ಆರು ಅಡಿ ಮಾದರಿಯಲ್ಲಿ ಒಂದು ಅಂಗುಲವಾಗುತ್ತದೆ. 1/48 ಎಂದರೆ ಒಂದು ಅಡಿಗೆ ಕಾಲು ಅಂಗುಲ. ಎರಡೂ ಅಡಿ-ಅಂಗುಲಗಳ ಲೆಕ್ಕದಿಂದ ಹುಟ್ಟಿದವು. ಸ್ಪಿಟ್‌ಫೈರ್ ವಿಮಾನದ ರೆಕ್ಕೆಗಳ ಹರವು ಸುಮಾರು 11.2 ಮೀಟರ್. 1/72ರಲ್ಲಿ ಅದು 15.6 ಸೆಂಟಿಮೀಟರ್ ಆಗಿ ಅಂಗೈ ಮೇಲೆ ಕೂರುತ್ತದೆ. 1/24ರಲ್ಲಿ 47 ಸೆಂಟಿಮೀಟರ್ ತಲುಪಿ ಕಪಾಟಿನ ಒಂದು ಅಂಕಣವನ್ನೇ ಆಕ್ರಮಿಸುತ್ತದೆ. ನಗರದ ಎರಡು ಕೋಣೆಯ ಮನೆಯಲ್ಲಿ ವಾಸಿಸುವವರು ಬೆಲೆಗಿಂತ ಮೊದಲು ಈ ಲೆಕ್ಕ ಹಾಕುವುದು ಒಳಿತು.

ಟ್ಯಾಂಕ್‌ಗಳಿಗೆ ಬಳಕೆಯಲ್ಲಿರುವ 1/35ರ ಕಥೆ ಬೇರೆ. ಜಪಾನಿನ ಶಿಜುವೋಕಾ ನಗರದ ತಮಿಯಾ ಸಂಸ್ಥೆ 1961ರಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ಹೊರತಂದಿತು. ಅದು ಮೋಟಾರಿನಿಂದ ಓಡಬೇಕಿತ್ತು. ಹಾಗಾಗಿ ಬ್ಯಾಟರಿ, ಮೋಟಾರು, ಗಿಯರ್ ಪೆಟ್ಟಿಗೆ ಒಳಗೆ ಹಿಡಿಸುವಷ್ಟು ಗಾತ್ರ ಇಟ್ಟರು. ಆಮೇಲೆ ಅಳೆದು ನೋಡಿದಾಗ ಅದು ಸುಮಾರು 1/35 ಎಂದು ಕಂಡುಬಂತು. ಬ್ಯಾಟರಿಯ ಅಳತೆಗೆ ಹೊಂದಿ ಹುಟ್ಟಿದ ಈ ಪ್ರಮಾಣವೇ ಮುಂದೆ ಜಗತ್ತಿನೆಲ್ಲೆಡೆ ಸೇನಾ ವಾಹನಗಳ ಮಾದರಿಗಳಿಗೆ ರೂಢಿಯಾಯಿತು.

ಅಚ್ಚೇ ಆಸ್ತಿ

ಕಿಟ್ ತಯಾರಿಕೆಯಲ್ಲಿ ಅತಿ ದುಬಾರಿಯಾದುದು ಉಕ್ಕಿನ ಅಚ್ಚು. ಮೂಲ ವಿಮಾನದ ನಕ್ಷೆ ಸಂಗ್ರಹಿಸಿ, ಈಚಿನ ದಿನಗಳಲ್ಲಾದರೆ ಲೇಸರ್ ಕಿರಣಗಳಿಂದ ವಸ್ತುವನ್ನೇ ಅಳೆದು, ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡಿ ಉಕ್ಕಿನಲ್ಲಿ ಕೊರೆಯುತ್ತಾರೆ. ಒಮ್ಮೆ ಕೊರೆದ ಅಚ್ಚಿನೊಳಗೆ ಕಾದ ಪ್ಲಾಸ್ಟಿಕ್ ಒತ್ತಿ ದಶಕಗಳ ಕಾಲ ಕಿಟ್ ತೆಗೆಯಬಹುದು. ಪ್ಲಾಸ್ಟಿಕ್ ಅಗ್ಗ, ರಟ್ಟಿನ ಪೆಟ್ಟಿಗೆ ಇನ್ನೂ ಅಗ್ಗ. ಆದ್ದರಿಂದ ಹಾಕಿದ ಹಣ ಎಂದೋ ಮರಳಿ ಬಂದಿರುವ ಅಚ್ಚನ್ನು ಯಾವ ಸಂಸ್ಥೆಯೂ ಸುಲಭವಾಗಿ ಮೂಲೆಗೆ ಎಸೆಯುವುದಿಲ್ಲ.

ಸಂಸ್ಥೆ ಮುಳುಗಿದರೂ ಅಚ್ಚು ಉಳಿಯುತ್ತದೆ. 1939ರಲ್ಲಿ ಹಂಗರಿ ಮೂಲದ ನಿಕೊಲಸ್ ಕೋವ್ ಸ್ಥಾಪಿಸಿದ ಏರ್‌ಫಿಕ್ಸ್ 1981ರಲ್ಲಿ ಆರ್ಥಿಕವಾಗಿ ಕುಸಿದು ಬೇರೆಯವರ ಪಾಲಾಯಿತು. 1986ರಲ್ಲಿ ಬಣ್ಣ ತಯಾರಿಸುವ ಹಂಬ್ರೋಲ್ ಅದರ ಒಡೆತನ ಪಡೆಯಿತು. 2006ರಲ್ಲಿ ಹಂಬ್ರೋಲ್ ಕೂಡ ಕುಸಿದಾಗ ಆಟಿಕೆ ರೈಲುಗಳಿಗೆ ಹೆಸರಾದ ಹಾರ್ನ್‌ಬಿ ಎರಡನ್ನೂ ಕೊಂಡಿತು. ಪ್ರತಿ ಬಾರಿಯೂ ಕೈ ಬದಲಾದ ನಿಜವಾದ ಆಸ್ತಿ ಎಂದರೆ ಹೆಸರು ಮತ್ತು ಅಚ್ಚುಗಳು.

ಬ್ರಿಟನ್ನಿನದೇ ಆದ ಫ್ರಾಗ್‌ನ ಅಚ್ಚುಗಳ ಪಯಣ ಇನ್ನೂ ವಿಚಿತ್ರ. 1970ರ ದಶಕದಲ್ಲಿ ಫ್ರಾಗ್ ಬಾಗಿಲು ಮುಚ್ಚಿದಾಗ ಅದರ ಅಚ್ಚುಗಳಲ್ಲಿ ಬಹುಪಾಲು ಸೋವಿಯತ್ ಒಕ್ಕೂಟಕ್ಕೆ ಹೋದವು. ಅಲ್ಲಿಂದ ನೋವೊ ಎಂಬ ಹೆಸರಿನಲ್ಲಿ ಕಿಟ್‌ಗಳು ಹೊರಬಂದವು. ಜರ್ಮನಿ, ಜಪಾನ್ ಮೊದಲಾದ ಶತ್ರುಪಕ್ಷದ ವಿಮಾನಗಳು ಸೋವಿಯತ್ ಕಡೆಯವರಿಗೆ ಬೇಡವಾಗಿದ್ದವು. ಅವುಗಳ ಅಚ್ಚುಗಳು ರೆವೆಲ್ ಸಂಸ್ಥೆಗೆ ಸೇರಿದವು. ಯುದ್ಧ ಮುಗಿದು ಮೂವತ್ತು ವರ್ಷಗಳಾದ ಮೇಲೂ ಆಟಿಕೆಯ ಅಚ್ಚುಗಳು ಪಕ್ಷಗಳಾಗಿ ಬೇರ್ಪಟ್ಟವು!

ರೆವೆಲ್ ಪೆಟ್ಟಿಗೆ ಕೊಳ್ಳುವಾಗ ಹೆಚ್ಚು ಎಚ್ಚರ ಬೇಕು ಎಂದು ಅನುಭವಿ ಹವ್ಯಾಸಿಗಳು ಹೇಳುವುದು ಈ ಕಾರಣಕ್ಕೇ. ಅಮೆರಿಕದಲ್ಲಿ ಹುಟ್ಟಿ ಜರ್ಮನಿಯಲ್ಲೂ ಬೇರೂರಿದ ಈ ಸಂಸ್ಥೆಯ ಪೆಟ್ಟಿಗೆಯಲ್ಲಿ ಅದರ ಸ್ವಂತ ಅಚ್ಚು ಇರಬಹುದು. ಮಾನೊಗ್ರಾಮ್, ಮ್ಯಾಚ್‌ಬಾಕ್ಸ್, ಹಾಸೆಗಾವ ಅಥವಾ ಇಟಲಿಯ ಇಟಲೆರಿಯದೂ ಇರಬಹುದು. ಮ್ಯಾಚ್‌ಬಾಕ್ಸ್‌ನವು ಎರಡು ಮೂರು ಬಣ್ಣದ ಪ್ಲಾಸ್ಟಿಕ್ಕಿನಲ್ಲಿ, ಕಾಲುವೆಯಂತೆ ಆಳವಾಗಿ ಕೊರೆದ ಗೆರೆಗಳೊಂದಿಗೆ ಬರುತ್ತಿದ್ದವು. ಕೆಲವರಿಗೆ ಅದೇ ಬಾಲ್ಯದ ನೆನಪು, ಕೆಲವರಿಗೆ ಅದೇ ತಲೆನೋವು.

ಹಳೆಯ ಅಚ್ಚಿನ ಗುರುತುಗಳು

ಸವೆದ ಅಚ್ಚಿನ ಎರಡು ಅರ್ಧಗಳು ಬಿಗಿಯಾಗಿ ಕೂಡುವುದಿಲ್ಲ. ಸಂದಿನಲ್ಲಿ ಪ್ಲಾಸ್ಟಿಕ್ ಹೊರಸೂಸಿ ಬಿಡಿಭಾಗಗಳ ಅಂಚಿಗೆ ತೆಳುವಾದ ಪೊರೆ ಅಂಟಿಕೊಳ್ಳುತ್ತದೆ. ಅದನ್ನು ಚಾಕುವಿನಿಂದ ಕೆರೆದು, ಸ್ಯಾಂಡ್‌ಪೇಪರಿನಿಂದ ಉಜ್ಜಿ ತೆಗೆಯಬೇಕು. ವಿಮಾನದ ಲೋಹದ ಹಾಳೆಗಳ ಜೋಡಣೆಯನ್ನು ಸೂಚಿಸುವ ಗೆರೆಗಳು ಹಳೆಯ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಉಬ್ಬಿರುತ್ತವೆ, ಹೊಸವುಗಳಲ್ಲಿ ಕೊರೆದಿರುತ್ತವೆ. ಉಬ್ಬುಗೆರೆಗಳ ತೊಂದರೆ ಏನೆಂದರೆ, ಸಂದುಗಳಿಗೆ ಪುಟ್ಟಿ ತುಂಬಿ ಉಜ್ಜುವಾಗ ಗೆರೆಯೂ ಜತೆಗೇ ಅಳಿಸಿಹೋಗುತ್ತದೆ.

ಹಾಗೆಂದು ಹಳೆಯದೆಲ್ಲ ಕೆಟ್ಟದ್ದು ಎನ್ನುವಂತಿಲ್ಲ. ಮಾನೊಗ್ರಾಮ್ 1975ರಲ್ಲಿ ತಂದ 1/48 ಪ್ರಮಾಣದ ಬಿ-17 ಬಾಂಬರ್ ಉಬ್ಬುಗೆರೆಗಳದ್ದೇ. ಆದರೂ ಅದರ ಒಟ್ಟು ಆಕಾರದ ನಿಖರತೆಯನ್ನು ಹವ್ಯಾಸಿಗಳು ದಶಕಗಳ ಕಾಲ ಮೆಚ್ಚಿಕೊಂಡರು. ಏರ್‌ಫಿಕ್ಸ್ 1970ರಲ್ಲಿ ತಂದ 1/24ರ ಸ್ಪಿಟ್‌ಫೈರ್ ಆ ಕಾಲಕ್ಕೆ ಸಾಹಸವೇ ಸರಿ. ಅದೇ ಪ್ರಮಾಣದಲ್ಲಿ ಸ್ಪಿಟ್‌ಫೈರಿನ ಇನ್ನೊಂದು ಮಾದರಿಯನ್ನು ಹೊಸ ಅಚ್ಚಿನಲ್ಲಿ ಸಂಸ್ಥೆ ಹೊರತಂದದ್ದು 2022ರಲ್ಲಿ. ಆಕ್ಷೇಪ ಇರುವುದು ಹಳೆಯದನ್ನು ಮಾರುವುದಕ್ಕಲ್ಲ, ಹಳೆಯದೆಂದು ಹೇಳದೆ ಮಾರುವುದಕ್ಕೆ. ಈಚಿನ ವರ್ಷಗಳಲ್ಲಿ ಏರ್‌ಫಿಕ್ಸ್ ತನ್ನ ಹಳೆಯ ಅಚ್ಚುಗಳ ಕಿಟ್‌ಗಳನ್ನು 'ವಿಂಟೇಜ್ ಕ್ಲಾಸಿಕ್ಸ್' ಎಂಬ ಪ್ರತ್ಯೇಕ ಶ್ರೇಣಿಯಲ್ಲಿ ಬಿಡುಗಡೆ ಮಾಡುತ್ತಿದೆ. ಪೆಟ್ಟಿಗೆಯ ಮೇಲೆ ಹಿಂದಿನ ಕಾಲದ ಚಿತ್ರಗಳೇ ಇರುತ್ತವೆ. ಅವುಗಳಲ್ಲಿ ಹಲವು 2024ರಲ್ಲಿ ನಿಧನರಾದ ಕಲಾವಿದ ರಾಯ್ ಕ್ರಾಸ್ ಅವರ ಕುಂಚದವು. ಕೊಳ್ಳುವವನಿಗೆ ತಾನು ಕೊಳ್ಳುತ್ತಿರುವುದು ಏನೆಂದು ಗೊತ್ತಿರುತ್ತದೆ. ಬೇರೆಯವರೂ ಅನುಸರಿಸಬೇಕಾದ ಪದ್ಧತಿ ಇದು.

ಅಭಿಪ್ರಾಯಕ್ಕೆ ಬೆಲೆಯಿದೆಯೇ?

ರಿವೆಟ್ ಎಣಿಸುವವರು ಎಂದು ಗೇಲಿಗೆ ಒಳಗಾಗುವ ಹವ್ಯಾಸಿಗಳ ಒಂದು ವರ್ಗವಿದೆ. ರೆಕ್ಕೆಯ ಉದ್ದದಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸವಾದರೂ ಇವರು ಬಿಡರು. ಇವರ ಹಟ ಕೆಲವೊಮ್ಮೆ ಅತಿಯಾದರೂ ವ್ಯರ್ಥವಲ್ಲ ಎಂಬುದಕ್ಕೆ ಜೆಕ್ ದೇಶದ ಎಡುವರ್ಡ್ ಸಂಸ್ಥೆಯ ಉದಾಹರಣೆ ಸಾಕು. 2014ರಲ್ಲಿ ಅದು ಜರ್ಮನಿಯ ಮೆಸರ್‌ಸ್ಮಿಟ್ ಬಿಎಫ್ 109ಜಿ-6 ಯುದ್ಧವಿಮಾನದ 1/48 ಕಿಟ್ ಹೊರತಂದಿತು. ಬಿಡಿಭಾಗಗಳ ಸೂಕ್ಷ್ಮತೆಗೆ ಯಾರೂ ಹೆಸರಿಡುವಂತಿರಲಿಲ್ಲ. ಆದರೆ ಅಳತೆಪಟ್ಟಿ ಹಿಡಿದವರು ಮಾದರಿ ಇರಬೇಕಾದುದಕ್ಕಿಂತ ದೊಡ್ಡದಾಗಿದೆ ಎಂದು ತೋರಿಸಿದರು. ಸಂಸ್ಥೆ ತಪ್ಪನ್ನು ಒಪ್ಪಿಕೊಂಡು 2016ರಲ್ಲಿ ಹೊಸ ಅಚ್ಚಿನ ಕಿಟ್ ತಂದಿತು. ಹೀಗಾಗಿ ಈ ವಿಮಾನದ ಎಡುವರ್ಡ್ ಕಿಟ್ಟನ್ನು ಬಳಸಿದವರಿಂದ ಕೊಳ್ಳುವಾಗ ಅದು 2014ರದ್ದೋ 2016ರದ್ದೋ ಎಂದು ಕೇಳಲೇಬೇಕು.

ವಿಮರ್ಶೆಗಳನ್ನು ಓದುವಾಗಲೂ ಒಂದು ವಿವೇಚನೆ ಅಗತ್ಯ. ಪೆಟ್ಟಿಗೆ ತೆರೆದು, ಬಿಡಿಭಾಗಗಳನ್ನು ಕಣ್ಣಿನಿಂದ ನೋಡಿ ಬರೆದ ವಿಮರ್ಶೆ ಬೇರೆ. ಜೋಡಿಸಿ ಮುಗಿಸಿದ ಮೇಲೆ ಬರೆದದ್ದು ಬೇರೆ. ನೋಟಕ್ಕೆ ಚೆನ್ನಾಗಿರುವ ಭಾಗಗಳು ಒಂದಕ್ಕೊಂದು ಕೂಡದೆ ಹೋಗುವುದುಂಟು. ಬಿಡುಗಡೆಯ ವಾರದಲ್ಲಿ ಬರುವವು ಬಹುಮಟ್ಟಿಗೆ ಮೊದಲ ಬಗೆಯವು. ಅವಸರವಿಲ್ಲದವರು ಒಂದೆರಡು ತಿಂಗಳು ಕಾದು ಎರಡನೆಯ ಬಗೆಯದನ್ನು ಓದಿದರೆ ನಷ್ಟವೇನಿಲ್ಲ.

ತಿಳಿಯುವ ಬಗೆ

ಅಚ್ಚಿನ ವಯಸ್ಸು ತಿಳಿಯಲು ಪೆಟ್ಟಿಗೆಯ ಕ್ರಮಸಂಖ್ಯೆಯೇ ಮೊದಲ ಸುಳಿವು. ತಮಿಯಾದ 1/48 ಸ್ಪಿಟ್‌ಫೈರ್ ಮಾರ್ಕ್ 1 ಕಿಟ್ 1993ರದ್ದು, ಅದರ ಸಂಖ್ಯೆ 61032. ಅದೇ ವಿಮಾನದ ಹೊಸ ಅಚ್ಚು 2018ರದ್ದು, ಸಂಖ್ಯೆ 61119. ಅಂಗಡಿಯವನಿಗೆ ಎರಡೂ 'ತಮಿಯಾ ಸ್ಪಿಟ್‌ಫೈರ್', ಜೋಡಿಸುವವನಿಗೆ ಎರಡು ಬೇರೆ ಬೇರೆ ವಸ್ತುಗಳು. ಬಿಡಿಭಾಗಗಳ ಚೌಕಟ್ಟಿನ ಮೇಲೆ ಮೂಡಿರುವ ಹಕ್ಕುಸ್ವಾಮ್ಯದ ಇಸವಿ ಎರಡನೆಯ ಸುಳಿವು. ಮೂರನೆಯದಾಗಿ, ಸ್ಕೇಲ್‌ಮೇಟ್ಸ್ ಎಂಬ ಉಚಿತ ಮಾಹಿತಿಕೋಶದಲ್ಲಿ ಒಂದು ಅಚ್ಚು ಯಾವ ವರ್ಷ ಹುಟ್ಟಿ, ಯಾವ ಯಾವ ಸಂಸ್ಥೆಗಳ ಪೆಟ್ಟಿಗೆಗಳಲ್ಲಿ ಸಂಚರಿಸಿದೆ ಎಂಬ ವಂಶಾವಳಿಯೇ ದೊರೆಯುತ್ತದೆ.

ಒಂದೇ ಅಚ್ಚು ಬೇರೆ ಬೇರೆ ಬೆಲೆಗೆ ಸಿಗುವುದೂ ಉಂಟು. ಎಡುವರ್ಡ್‌ನ 'ಪ್ರೊಫಿಪ್ಯಾಕ್' ಪೆಟ್ಟಿಗೆಯಲ್ಲಿ ಲೋಹದ ತೆಳು ಭಾಗಗಳು, ಬಣ್ಣ ಬಳಿಯುವಾಗ ಗಾಜಿನ ಭಾಗ ಮುಚ್ಚುವ ಅಂಟುಪಟ್ಟಿಗಳು ಇರುತ್ತವೆ. ಅಗ್ಗದ 'ವೀಕೆಂಡ್' ಪೆಟ್ಟಿಗೆಯಲ್ಲಿ ಅವಿಲ್ಲ. ಪ್ಲಾಸ್ಟಿಕ್ ಭಾಗಗಳು ಮಾತ್ರ ಅದೇ ಅಚ್ಚಿನವು. ಮೊದಲ ಬಾರಿಗೆ ಕೈಹಾಕುವವರಿಗೆ ಎರಡನೆಯದೇ ಸಾಕು. ಉಗುರಿಗಿಂತ ಚಿಕ್ಕದಾದ ಲೋಹದ ಚೂರು ಇಕ್ಕಳದಿಂದ ಜಾರಿ ನೆಲಕ್ಕೆ ಬಿದ್ದರೆ ಮತ್ತೆ ಸಿಗುವ ಭರವಸೆಯಿಲ್ಲ.

ಭಾರತದ ಕೊಳ್ಳುಗನ ಪಾಡು

2010ರ ದಶಕದಲ್ಲಿ ಬಂದ ಅನೇಕ ಏರ್‌ಫಿಕ್ಸ್ ಪೆಟ್ಟಿಗೆಗಳ ಮೇಲೆ 'ಮೇಡ್ ಇನ್ ಇಂಡಿಯಾ' ಎಂದು ಅಚ್ಚಾಗಿತ್ತು. ಪ್ಲಾಸ್ಟಿಕ್ ಮೆದು, ಕೊರೆದ ಗೆರೆಗಳು ಅಗಲ ಎಂದು ಹೊರದೇಶದ ಹವ್ಯಾಸಿಗಳು ಆಗ ದೂರಿದ್ದುಂಟು. ಇದರಲ್ಲಿ ಪ್ಲಾಸ್ಟಿಕ್ಕಿನ ಗುಣ ತಯಾರಿಸಿದ ಕಾರ್ಖಾನೆಗೆ ಸೇರಿದ್ದಿರಬಹುದು. ಗೆರೆಯ ಅಗಲ ಅಚ್ಚು ಕೊರೆದವರ ಲೆಕ್ಕ; ಅದನ್ನೂ ಭಾರತದ ತಲೆಗೆ ಕಟ್ಟುವುದು ನ್ಯಾಯವಲ್ಲ.

ನಮ್ಮಲ್ಲಿನ ಕೊಳ್ಳುಗನಿಗೆ ದೊಡ್ಡ ಹೊರೆ ಸೀಮಾಸುಂಕದ್ದು. ಸುಂಕದ ಪಟ್ಟಿಯಲ್ಲಿ ಆಟಿಕೆಗಳಿಗೂ ಸ್ಕೇಲ್ ಮಾದರಿಗಳಿಗೂ 9503 ಎಂಬ ಒಂದೇ ಶೀರ್ಷಿಕೆ. ಈ ಶೀರ್ಷಿಕೆಯಡಿ ಮೂಲ ಸುಂಕ 2020ರ ಬಜೆಟ್‌ನಲ್ಲಿ ಶೇ. 20ರಿಂದ ಶೇ. 60ಕ್ಕೆ, 2023ರ ಬಜೆಟ್‌ನಲ್ಲಿ ಶೇ. 70ಕ್ಕೆ ಏರಿತು. ಅಗ್ಗದ ಆಮದು ಆಟಿಕೆಗಳಿಂದ ದೇಶೀಯ ತಯಾರಕರನ್ನು ಕಾಯುವುದು ಸರ್ಕಾರದ ಉದ್ದೇಶ. ಮಕ್ಕಳ ಆಟಿಕೆಯಲ್ಲದ ಕಿಟ್ ಕೂಡ ಅದೇ ಬಲೆಗೆ ಬಿತ್ತು. 2000 ರೂಪಾಯಿಯ ಕಿಟ್‌ಗೆ ಶೇ. 70ರಂತೆ ಮೂಲ ಸುಂಕವೇ 1400 ರೂಪಾಯಿ. ಇತರ ತೆರಿಗೆ, ಸಾಗಣೆ ವೆಚ್ಚ ಬೇರೆ. ಇದರ ಜತೆಗೆ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯಗೊಳಿಸುವ ಆದೇಶ 2021ರ ಜನವರಿ 1ರಿಂದ ಜಾರಿಗೆ ಬಂತು. ಪೆಟ್ಟಿಗೆಯ ಮೇಲೆ ನಮೂದಾದ ವಯೋಮಿತಿಗೂ ಹೀಗಾಗಿ ಮಹತ್ವ ಬಂದಿದೆ. ವೈಯಕ್ತಿಕ ಬಳಕೆಗೆಂದು ತರಿಸುವ ಪಾರ್ಸೆಲ್‌ಗೆ ಬೇರೆ ದರ ಅನ್ವಯಿಸಬಹುದು. ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವುದರಿಂದ ಹಣ ಕಟ್ಟುವ ದಿನದ ದರವನ್ನೇ ವಿಚಾರಿಸುವುದು ಕ್ಷೇಮ. ಇಷ್ಟು ತೆತ್ತ ಮೇಲೆ ಒಳಗೆ 1958ರ ಅಚ್ಚು ಕಂಡರೆ ಆಗುವ ಸಂಕಟವನ್ನು ಹೇಳಬೇಕಾಗಿಲ್ಲ.

ಸಂಖ್ಯೆ ಕಡಿಮೆಯಿದೆ ಎಂಬ ಕಾರಣಕ್ಕೆ ದುಪ್ಪಟ್ಟು ಬೆಲೆ ಕೇಳುವವರ ಮಾತಿಗೆ ಸೋಲಬೇಕಾಗಿಲ್ಲ. ಅಚ್ಚು ಇರುವವರೆಗೆ ದೊಡ್ಡ ಸಂಸ್ಥೆಗಳ ಕಿಟ್ ಮತ್ತೆ ಬರುವ ಸಾಧ್ಯತೆ ಇದ್ದೇ ಇರುತ್ತದೆ. ಸಣ್ಣ ಸಂಸ್ಥೆಗಳು ಮೆದು ಲೋಹದ ಅಚ್ಚಿನಿಂದ ಸೀಮಿತ ಸಂಖ್ಯೆಯಲ್ಲಿ ತೆಗೆಯುವ ಕಿಟ್‌ಗಳಿಗೆ ಮಾತ್ರ ಈ ಮಾತು ಸಲ್ಲದು.

ಭಾರತೀಯ ವಾಯುಪಡೆಯ ವಿಮಾನಗಳನ್ನೇ ಮಾಡಬೇಕೆನ್ನುವವರಿಗೆ ಇನ್ನೊಂದು ಎಚ್ಚರಿಕೆ. ಬೆಂಗಳೂರಿನ ಎಚ್‌ಎಎಲ್ ಪರವಾನಗಿಯಡಿ ತಯಾರಿಸಿದ, 1965 ಮತ್ತು 1971ರ ಯುದ್ಧಗಳಲ್ಲಿ ಹೆಸರು ಮಾಡಿದ ನ್ಯಾಟ್ ಒಂದೇ ಆಸನದ ಯುದ್ಧವಿಮಾನ. ಏರ್‌ಫಿಕ್ಸ್‌ನ ನ್ಯಾಟ್ ಕಿಟ್ ಬ್ರಿಟನ್ನಿನ ರೆಡ್ ಆ್ಯರೋಸ್ ತಂಡ ಬಳಸಿದ ಎರಡು ಆಸನದ ತರಬೇತಿ ವಿಮಾನದ್ದು. ಬಣ್ಣ ಬದಲಿಸಿದ ಮಾತ್ರಕ್ಕೆ ಅದು ನಮ್ಮ ನ್ಯಾಟ್ ಆಗದು. ದೇಹದ ಉದ್ದವೇ ಬೇರೆ. 2025ರ ಸೆಪ್ಟೆಂಬರ್ 26ರಂದು ವಾಯುಪಡೆಯಿಂದ ನಿವೃತ್ತಿ ಹೊಂದಿದ ಮಿಗ್-21ರ ವಿಷಯದಲ್ಲಿ ಈ ಕೊರತೆಯಿಲ್ಲ. ಎಡುವರ್ಡ್ 2011ರಿಂದ ಹೊರತಂದ 1/48 ಶ್ರೇಣಿ ಇಂದಿಗೂ ಮೆಚ್ಚುಗೆ ಪಡೆಯುತ್ತಿದೆ. ಕೊಳ್ಳುವ ಮುನ್ನ ಉಪಮಾದರಿ ಯಾವುದೆಂದು ನೋಡಿಕೊಂಡರಾಯಿತು. ಮರುತ್, ಅಜೀತ್ ವಿಮಾನಗಳ ನಿಜವಾದ ಆಕಾರವನ್ನು ಹತ್ತಿರದಿಂದ ಕಾಣಬಯಸುವವರು ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ಹೊರಗೆ ನಿಂತ ವಿಮಾನಗಳ ಬಣ್ಣ ಬಿಸಿಲಿಗೆ ಮಾಸಿರುವುದರಿಂದಲೂ, ಮರುಬಳಿದ ಬಣ್ಣ ಸೇವೆಯ ಕಾಲದ್ದೇ ಆಗಿರಬೇಕೆಂದಿಲ್ಲದಿರುವುದರಿಂದಲೂ ಛಾಯೆಗೆ ಹಳೆಯ ಛಾಯಾಚಿತ್ರಗಳನ್ನು ನಂಬುವುದು ಮೇಲು.