ರಬ್ಬರ್ ಬೂಟಿನಿಂದ ಉದುರಿದ ಬರ್ಫ

ಹಳೇ ಫ್ರಿಜ್ಜಿನ ಅಲ್ಯುಮಿನಿಯಂ ಟ್ರೇ ನೆನಪದ ಏನ್ರಿ ವೈನಿ? ನಾಲ್ಕು ತುಣುಕು ಬರ್ಫ ಬೇಕಂದ್ರ ನಳದ ಕೆಳಗ ಹಿಡೀಬೇಕು, ಕಟ್ಟಿಗೆ ಕುಟ್ಟಬೇಕು. ಅರ್ಧಾ ನೀರಾಗಿ ಮೋರಿಗೆ ಹೋಗ್ತಿತ್ತು. ಈಗಿನ ಟ್ರೇ ಒಂಚೂರು ತಿರುವಿದ್ರ ಸಾಕು, ಟಪಟಪ ಬೀಳ್ತಾವ.

ಅಮೆರಿಕಾದ ಮಿಶಿಗನ್ ರಾಜ್ಯದಾಗ ಲಾಯ್ಡ್ ಕೋಪ್‌ಮನ್ ಅಂತ ಒಬ್ಬಾಂವ ಇದ್ದ. ಮನಿಗೆ ಬೇಕಾಗೋ ಹೊಸಾ ಹೊಸಾ ಸಾಮಾನು ಮಾಡೋದ ಅವನ ಉದ್ಯೋಗ. ಕರೆಂಟಿನ ಒಲಿ ಮಾಡ್ದ, ಬ್ರೆಡ್ ತಾನ ತಿರುವೋ ಟೋಸ್ಟರ್ ಮಾಡ್ದ. (ಟೋಸ್ಟರಿನ ಪೇಟೆಂಟ್ ಹೆಂಡತಿ ಹೇಜಲ್ ಹೆಸರಿನ್ಯಾಗ ಅದ, ಓದಿ ನನಗ ಖುಷಿ ಆತು.) ಅಲ್ಲೆ ಚಳಿಗಾಲ ಮುಗಿಯೋ ಹೊತ್ತಿಗೆ ಮೇಪಲ್ ಗಿಡದಿಂದ ರಸಾ ಇಳಿಸಿ, ನಮ್ಮ ಕಾಕಂಬಿ ಹಂಗ ಕಾಯಿಸಿ ಪಾಕಾ ಮಾಡ್ತಾರ. ಆ ರಸಾ ತರಲಿಕ್ಕೆ ಹೋದಾಗ, ರಬ್ಬರ್ ಬೂಟಿಗೆ ಮೆತ್ತಿದ ಹಿಮದ ರಾಡಿ ನಡದಂಗ ನಡದಂಗ ಉದುರೋದನ್ನ ಅಂವ ನೋಡಿದ. ಮುಂದ ಒಂದಿನ ವಕೀಲರ ಜೋಡಿ ಊಟಕ್ಕ ಕೂತಾಗ ಅದು ನೆನಪಾತು. ರಬ್ಬರ್ ಬಟ್ಟಲಿನ್ಯಾಗ ನೀರು ಗಟ್ಟಿ ಮಾಡಿ ನೋಡಿ, 1928ರ ಸುಮಾರಿಗೆ ರಬ್ಬರ್ ಟ್ರೇ ತಂದ. ಅದರಾಗ ಸುಮಾರು 5 ಲಕ್ಷ ಡಾಲರ್ ಗಳಿಸಿದ ಅಂತಾರ.

ಲೋಹ ಕಣ್ಣಿಗೆ ನುಣ್ಣಗ ಕಂಡ್ರೂ ಮೈತುಂಬ ಸಣ್ಣ ಗೀರು ಇರ್ತಾವ. ನೀರು ಅದರ ಮ್ಯಾಲೆ ಹರಡಿ, ಗೀರಿನ್ಯಾಗ ಇಳಿದು, ಅಲ್ಲೇ ಹೆಪ್ಪುಗಟ್ಟಿ ಹಿಡ್ಕೊಂತದ. ರಬ್ಬರಿನ ಮ್ಯಾಲೆ ನೀರು ಹನಿಯಾಗಿ ನಿಂದರತದ, ಹಿಡಿತ ಕಡಿಮಿ. ಅದಕ್ಕಿಂತ ದೊಡ್ಡ ಮಾತಂದ್ರ ರಬ್ಬರ್ ಬಾಗತದ, ಬರ್ಫ ಬಾಗೂದಿಲ್ಲ. ಪರಾತಕ್ಕ ಒಣಗಿದ ಕಣಕ ಕೆರೀಬೇಕಲ್ಲ? ಅದ ಕಣಕ ಪ್ಲಾಸ್ಟಿಕ್ ಹಾಳಿಗೆ ಹತ್ತಿದ್ರ, ಹಾಳಿ ಮಡಚಿದ ಕೂಡ್ಲೆ ಚಕ್ಕಿ ಎದ್ದು ಬೀಳತದ. ಹಂಗ.

ಆದ್ರ ಬರೇ ರಬ್ಬರ್ ಇದ್ರ ಸಾಲೂದಿಲ್ಲ, ಅದು ಅಲುಗಬೇಕು. ಇದು ಛಲೋ ತಿಳಿಯೋದು ವಿಮಾನದ ಕತಿಯಾಗ. 1920ರ ದಶಕದಾಗ ಅಮೆರಿಕಾದ ಟಪಾಲು ವಿಮಾನಗಳ ರೆಕ್ಕಿಗೆ ಮೋಡದಾಗ ಬರ್ಫ ಕಟ್ತಿತ್ತು. ರೆಕ್ಕಿ ಆಕಾರ ಕೆಟ್ಟು ವಿಮಾನ ಬಿದ್ದು ಪೈಲಟ್‌ಗಳು ಸಾಯ್ತಿದ್ರು, ಪಾಪ. ಗುಡ್‌ರಿಚ್ ರಬ್ಬರ್ ಕಂಪನಿಯಿಂದ ರಿಟೈರ್ ಆಗಿದ್ದ ವಿಲಿಯಂ ಗೀರ್ ಅನ್ನೋ ರಸಾಯನಶಾಸ್ತ್ರಜ್ಞ ರಬ್ಬರಿಗೆ ಎಣ್ಣಿ ಸವರಿ ನೋಡಿದ. ಕಡೀಕ ನಿಂತ ಉಪಾಯ ಬ್ಯಾರೆ: ರೆಕ್ಕಿ ಮುಂದಿನ ಅಂಚಿಗೆ ರಬ್ಬರ್ ಹೊದಿಕಿ ಹಾಕಿ, ಒಳಗ ಗಾಳಿ ತುಂಬಿ ಉಬ್ಬಿಸೋದು. ಉಬ್ಬಿದ ಕೂಡ್ಲೆ ಬರ್ಫ ಒಡೀತದ, ಎದುರಿನ ಗಾಳಿ ಹಾರಿಸಿ ಒಗೀತದ. ಆ ಹೊದಿಕಿಗೂ ಬೂಟ್ ಅಂತನ ಹೆಸರು. 1930ರ ದಶಕದಾಗ ಪ್ರಯಾಣಿಕರ ವಿಮಾನಕ್ಕೂ ಬಂತು. ನಮ್ಮ ಹುಬ್ಬಳ್ಳಿಗೆ ಬರೋ ಪಂಖಾದ ಎಟಿಆರ್ ವಿಮಾನ ಹತ್ತೋ ಮುಂದ ನೋಡ್ರಿ, ರೆಕ್ಕಿ ಅಂಚಿಗೆ ಕರೀ ಪಟ್ಟಿ ಕಾಣತದ. ಅದ ಇದು.